ಹವಳದ ತೊಟ್ಟಿಯಲ್ಲಿ ಏಂಜಲ್ ಮೀನು: ನನ್ನ ಅನುಭವ

ನನ್ನ ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿರುವ ಟ್ರ್ಯಾಕಿಫಿಲಿಯಾ ಎಂಬ ಹವಳ ಬೆಳಿಗ್ಗೆ ದೀಪ ಹೊತ್ತಿದ ಅರ್ಧ ಗಂಟೆಯೊಳಗೆ ಅಂಗೈಯಗಲ ಉಬ್ಬಿಕೊಳ್ಳಬೇಕು. ಅಂದು ಉಬ್ಬಲಿಲ್ಲ. ಮರುದಿನವೂ ಇಲ್ಲ. ನಾಲ್ಕನೆಯ ದಿನ ಅಂಚಿನ ಮಾಂಸ ಒಳಕ್ಕೆ ಸರಿದು, ಅಡಿಯ ಸುಣ್ಣದ ಗೂಡು ಗರಗಸದ ಹಲ್ಲಿನಂತೆ ಬೆಳ್ಳಗೆ ಕಾಣಿಸಿತು. ನೀರು ಪರೀಕ್ಷಿಸಿದೆ. ಸಾಪೇಕ್ಷ ಸಾಂದ್ರತೆ 1.025, ಉಷ್ಣಾಂಶ 25.5 ಡಿಗ್ರಿ, ಕ್ಷಾರೀಯತೆ 8.3 ಡಿಕೆಎಚ್, ನೈಟ್ರೇಟ್ 10 ಪಿಪಿಎಂ (ಹತ್ತು ಲಕ್ಷಕ್ಕೆ ಹತ್ತು ಭಾಗ) ಆಸುಪಾಸು. ಯಾವುದರಲ್ಲೂ ತಪ್ಪು ಹುಡುಕುವಂತಿರಲಿಲ್ಲ.

ನಾನು ತೊಟ್ಟಿಯ ಮುಂದೆ ನಿಂತರೆ ಮೀನುಗಳೆಲ್ಲ ಊಟದ ಆಸೆಗೆ ಗಾಜಿನ ಬಳಿ ಬಂದು ಕುಣಿಯುತ್ತವೆ. ಹಾಗೆ ಕುಣಿಯುವ ಮೀನಿನ ನಿಜವಾದ ನಡವಳಿಕೆ ತಿಳಿಯುವುದಿಲ್ಲ. ಹೀಗಾಗಿ ಕೋಣೆಯ ದೀಪ ಆರಿಸಿ, ಆರೇಳು ಅಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು ಅಲುಗಾಡದೆ ಕುಳಿತೆ. ಇಪ್ಪತ್ತು ನಿಮಿಷವಾದ ಮೇಲೆ ನನ್ನ ಫ್ಲೇಮ್ ಏಂಜಲ್ ಬಂಡೆಯ ಸಂದಿಯಿಂದ ಹೊರಬಂತು. ಹವಳದ ಮೇಲೆ ಬಂದು ನಿಂತು, ಮೈ ಒಂದು ಪಕ್ಕಕ್ಕೆ ವಾಲಿಸಿ, ಒಂದು ಕಣ್ಣಿನಿಂದ ಅದನ್ನೇ ದಿಟ್ಟಿಸಿತು. ಆಮೇಲೆ ಒಂದೇ ಕುಕ್ಕು. ಮಾಂಸವೇನೂ ಕಿತ್ತು ಬರಲಿಲ್ಲ. ಮೇಲಿನ ಲೋಳೆಯನ್ನಷ್ಟೇ ಸವರಿಕೊಂಡು ಹೋಯಿತು. ಆದರೆ ಹತ್ತು ನಿಮಿಷಕ್ಕೊಮ್ಮೆ ಹೀಗೆ ಕುಕ್ಕಿಸಿಕೊಳ್ಳುವ ಹವಳ ದಿನವಿಡೀ ಮುದುಡಿಕೊಂಡೇ ಇರುತ್ತದೆ. ಮುದುಡಿದ ಹವಳಕ್ಕೆ ಬೆಳಕೂ ಇಲ್ಲ, ಆಹಾರವೂ ಇಲ್ಲ. ಬಂಡೆಯ ಮೇಲಿನ ಪಾಚಿ ಮೇಯಲಿ ಎಂದು ತಂದ ಮೀನು ಇದು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಏಂಜಲ್ ಮೀನುಗಳದು ಸುಮಾರು 90 ಜಾತಿಗಳ ಕುಟುಂಬ. ಸಿಹಿನೀರಿನ ಏಂಜಲ್ ಮೀನಿಗೂ ಇವಕ್ಕೂ ಹೆಸರಷ್ಟೇ ಒಂದು, ನೆಂಟಸ್ತಿಕೆ ಇಲ್ಲ. ನೋಡಲು ಹತ್ತಿರದವು ಚಿಟ್ಟೆಮೀನುಗಳು. ಏಂಜಲ್‌ನ ಕಿವಿರಿನ ಕೆಳಗೆ, ಕೆನ್ನೆಯಲ್ಲಿ, ಹಿಂದಕ್ಕೆ ಚಾಚಿದ ಒಂದು ಮುಳ್ಳಿರುತ್ತದೆ, ಚಿಟ್ಟೆಮೀನಿಗೆ ಅದಿಲ್ಲ. ಈ ಮುಳ್ಳು ನಮಗೂ ಮುಖ್ಯ. ಬಲೆ ಹಾಕಿ ಹಿಡಿದರೆ ಅದು ದಾರಕ್ಕೆ ಸಿಕ್ಕಿಕೊಂಡು ಮೀನು ಒದ್ದಾಡಿ ಕೆನ್ನೆ ಹರಿದುಕೊಳ್ಳುತ್ತದೆ. ಏಂಜಲ್ ಮೀನಿಗೆ ನಾನು ಬಲೆ ಮುಟ್ಟಿಸುವುದಿಲ್ಲ. ಪ್ಲಾಸ್ಟಿಕ್ ಡಬ್ಬಿಯೊಳಕ್ಕೆ ಓಡಿಸಿ ನೀರಿನ ಸಮೇತ ಎತ್ತುತ್ತೇನೆ.

ಮೀನುಗಳ ಪಟ್ಟಿಗಳಲ್ಲಿ ಈ ಕುಟುಂಬದ ಹೆಚ್ಚಿನವುಗಳ ಮುಂದೆ ‘ಹವಳದ ಜೊತೆ ಎಚ್ಚರಿಕೆಯಿಂದ ಇಡಬಹುದು’ ಎಂದು ಬರೆದಿರುತ್ತದೆ. ಎಚ್ಚರಿಕೆ ಎಂದರೆ ಏನು ಮಾಡಬೇಕು? ಮೀನಿಗೆ ಬುದ್ಧಿ ಹೇಳುವುದೇ? ಆ ಮಾತಿನ ಅರ್ಥ ನನಗೆ ತಿಳಿದದ್ದು ಕೈ ಸುಟ್ಟುಕೊಂಡ ಮೇಲೆ. ಜಾತಿಯನ್ನು ನೋಡಿ ಸಾಧ್ಯತೆ ಎಷ್ಟು ಎಂದು ಹೇಳಬಹುದೇ ಹೊರತು ಈ ಒಂದು ಮೀನು ಏನು ಮಾಡುತ್ತದೆ ಎಂದು ಹೇಳಲಾಗದು. ಕೋರಲ್ ಬ್ಯೂಟಿ ಎಂಬ ನನ್ನ ಇನ್ನೊಂದು ಏಂಜಲ್ ಅದೇ ತೊಟ್ಟಿಯಲ್ಲಿ ಮೂರು ವರ್ಷದಿಂದ ಇದೆ, ಒಂದು ಹವಳಕ್ಕೂ ಬಾಯಿ ಹಾಕಿಲ್ಲ. ಫ್ಲೇಮ್ ಬಂದ ಐದು ತಿಂಗಳಿಗೆ ಈ ಚಟ ಹಿಡಿಯಿತು. ಎರಡೂ ಸೆಂಟ್ರೊಪೈಗಿ ಎಂಬ ಒಂದೇ ಕುಲದ ಕುಳ್ಳ ಏಂಜಲ್‌ಗಳು, ಎರಡಕ್ಕೂ ಒಂದೇ ಊಟ. ಐದು ತಿಂಗಳು ಸುಮ್ಮನಿದ್ದದ್ದು ಏಕೆ, ಆಮೇಲೆ ಶುರುಮಾಡಿದ್ದು ಏಕೆ ಎಂದು ಅದನ್ನೇ ಕೇಳಬೇಕು.

ಆರಂಭದಿಂದ ಹೇಳುತ್ತೇನೆ. ನನ್ನದು 400 ಲೀಟರ್ ತೊಟ್ಟಿ. ಮೊದಲ ಏಂಜಲ್ ತಂದಾಗ ಅದಕ್ಕೆ ಎಂಟು ತಿಂಗಳಷ್ಟೇ ಆಗಿತ್ತು, ಅದು ಮೊದಲ ತಪ್ಪು. ಕುಳ್ಳ ಏಂಜಲ್ ಹಗಲೆಲ್ಲ ಬಂಡೆಯಿಂದ ಬಂಡೆಗೆ ಹಾರುತ್ತಾ ಪಾಚಿಯ ತೆಳುಪೊರೆಯನ್ನೂ ಕಸವನ್ನೂ ಮೇಯುವ ಪ್ರಾಣಿ. ಹೊಸ ತೊಟ್ಟಿಯ ಬಂಡೆಯಲ್ಲಿ ಅದಕ್ಕೆ ಮೇವಿಲ್ಲ. ಎರಡನೆಯ ತಪ್ಪು, ಹಳದಿ ನೀಲಿಯ ಅಂದಕ್ಕೆ ಮರುಳಾಗಿ ಬೈಕಲರ್ ಏಂಜಲ್ ಆರಿಸಿದ್ದು. ಕುಳ್ಳ ಏಂಜಲ್‌ಗಳಲ್ಲೇ ಒಗ್ಗಿಕೊಳ್ಳುವುದಕ್ಕೆ ಹೆಚ್ಚು ಸತಾಯಿಸುವ, ಹವಳಕ್ಕೂ ಹೆಚ್ಚು ಬಾಯಿ ಹಾಕುವ ಜಾತಿ ಎಂದು ಅದಕ್ಕೆ ಹೆಸರಿದೆ. ತಂದ ದಿನದಿಂದ ಅದು ಏನನ್ನೂ ತಿನ್ನಲಿಲ್ಲ. ಹತ್ತನೆಯ ದಿನ ಅದರ ಹೊಟ್ಟೆ ಒಳಕ್ಕೆ ಸೇದಿಕೊಂಡು, ಹಣೆಯ ಹಿಂದಿನ ಬೆನ್ನು ಚಾಕುವಿನಂತೆ ಚೂಪಾಯಿತು. ಹನ್ನೆರಡನೆಯ ದಿನ ಸತ್ತಿತು.

ಅಂದಿನಿಂದ ಅಂಗಡಿಯಲ್ಲಿ ನನ್ನದು ಒಂದೇ ಹಟ: ತಿನ್ನಿಸಿ ತೋರಿಸಿ. ಬಣ್ಣ ನೋಡುವುದು ಆಮೇಲೆ. ಅಂಗಡಿಯವರು ಬೇಸರಪಟ್ಟುಕೊಳ್ಳಲಿ, ನಾನು ತೊಟ್ಟಿಯ ಎದುರು ಹತ್ತು ಹದಿನೈದು ನಿಮಿಷ ನಿಲ್ಲುತ್ತೇನೆ. ಒಳ್ಳೆಯ ಏಂಜಲ್‌ನ ಕಣ್ಣು ಸುಮ್ಮನಿರುವುದಿಲ್ಲ. ಗುಂಡಿಯಂತೆ ತಿರುಗುತ್ತಾ ನನ್ನನ್ನೂ ಬಂಡೆಯನ್ನೂ ಅಳೆಯುತ್ತಿರುತ್ತದೆ. ನಡುನಡುವೆ ಗಾಜನ್ನೋ ಪೈಪನ್ನೋ ಕುಕ್ಕುತ್ತಿರುತ್ತದೆ. ಕಿವಿರು ಎರಡೂ ಕಡೆ ಒಂದೇ ಸಮನೆ ಆಡಬೇಕು. ಒಂದೇ ಪಕ್ಕ ಆಡುತ್ತಿದ್ದರೆ ಅಥವಾ ಏದುಸಿರು ಇದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬರುವುದು. ಕಣ್ಣಿನ ಮೇಲೆ ಮಬ್ಬು, ಈಜುರೆಕ್ಕೆಯ ಬುಡದಲ್ಲಿ ಕೆಂಪು, ಮೈಯನ್ನು ಬಂಡೆಗೆ ಉಜ್ಜುವ ಚಾಳಿ ಇದ್ದರೂ ಅಷ್ಟೇ. ಅಂದು ಬಂದ ಮೀನನ್ನು ಅಂದೇ ಕೊಳ್ಳುವುದಿಲ್ಲ. ಒಂದು ವಾರ ಕಳೆದು ಹೋಗಿ, ಆಗಲೂ ತಿನ್ನುತ್ತಿದ್ದರೆ ಮಾತ್ರ ತರುತ್ತೇನೆ. ಆ ವಾರದಲ್ಲಿ ಬೇರೆಯವರು ಕೊಂಡೊಯ್ದರೆ ಹೋಗಲಿ, ನನಗೆ ಅಂಥ ಆತುರವಿಲ್ಲ.

ಎಲ್ಲಿ, ಹೇಗೆ ಹಿಡಿದ ಮೀನು ಎಂದೂ ಕೇಳುತ್ತೇನೆ. ಸಯನೈಡ್ ಚಿಮ್ಮಿಸಿ ಮಂಪರು ಬರಿಸಿ ಹಿಡಿಯುವ ಕೆಟ್ಟ ಪದ್ಧತಿ ಕೆಲವು ಕಡೆ ಇದೆ, ಮೀನಿನ ಮುಖ ನೋಡಿ ಅದನ್ನು ಪತ್ತೆ ಹಚ್ಚಲಾಗದು. ಕೆಲವು ಕುಳ್ಳ ಏಂಜಲ್‌ಗಳು ಈಗ ಸಾಕಣೆಯಲ್ಲೇ ಹುಟ್ಟಿ ಬೆಳೆದವು ಸಿಗುತ್ತವೆ. ಬೆಲೆ ಹೆಚ್ಚು, ಆದರೆ ಅವು ಮೊದಲ ದಿನದಿಂದಲೇ ಕಾಳಿನಂಥ ಒಣ ಆಹಾರ ತಿನ್ನುತ್ತವೆ. ನನ್ನ ಕೋರಲ್ ಬ್ಯೂಟಿ ಅಂಥದ್ದು.

ಮನೆಗೆ ತಂದ ಮೇಲೆ ಚೀಲದ ವಿಷಯ. ಚೀಲದಲ್ಲಿ ಬಹಳ ಹೊತ್ತು ಇದ್ದ ಮೀನನ್ನು ಹನಿ ಹನಿ ನೀರು ಬಿಟ್ಟು ಗಂಟೆಗಟ್ಟಲೆ ಒಗ್ಗಿಸುವ ಸಂಪ್ರದಾಯವನ್ನು ನಾನು ಕೈಬಿಟ್ಟಿದ್ದೇನೆ. ಮುಚ್ಚಿದ ಚೀಲದಲ್ಲಿ ಮೀನಿನ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ. ಅಲ್ಲಿರುವ ಅಮೋನಿಯಾ ಆಗ ಅಷ್ಟು ವಿಷವಲ್ಲ. ಚೀಲದ ಬಾಯಿ ಬಿಚ್ಚಿದೊಡನೆ ಆ ಅನಿಲ ಹಾರಿಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಅದರಲ್ಲಿ ಮೀನನ್ನು ಎರಡು ಗಂಟೆ ಕೂರಿಸುವುದು ಉಪಕಾರವಲ್ಲ. ಚೀಲದ ನೀರಿನ ಉಪ್ಪಿನಂಶ ಎಷ್ಟೆಂದು ಮೊದಲೇ ಕೇಳಿ, ಕ್ವಾರಂಟೈನ್ ತೊಟ್ಟಿಯನ್ನು ಅದಕ್ಕೆ ಹೊಂದಿಸಿಟ್ಟು, ಚೀಲವನ್ನು ತೇಲಬಿಟ್ಟು ಉಷ್ಣಾಂಶ ಸಮವಾದ ಕೂಡಲೇ ಮೀನನ್ನು ದಾಟಿಸುತ್ತೇನೆ.

ಕ್ವಾರಂಟೈನ್ ಬಗ್ಗೆ ರಾಜಿಯೇ ಇಲ್ಲ. ಐವತ್ತು ಲೀಟರಿನ ಬೋಳು ಗಾಜಿನ ತೊಟ್ಟಿ, ಒಂದು ಸ್ಪಂಜು ಫಿಲ್ಟರ್, ಅಡಗಲು ಪಿವಿಸಿ ಪೈಪಿನ ತುಂಡುಗಳು. ಮರಳು, ಬಂಡೆ ಹಾಕುವುದಿಲ್ಲ. ಅವು ಔಷಧವಾಗಿ ನೀರಿಗೆ ಹಾಕುವ ತಾಮ್ರವನ್ನು ಹೀರಿಕೊಂಡು ಲೆಕ್ಕ ಕೆಡಿಸುತ್ತವೆ. ಬಿಳಿಚುಕ್ಕೆ ರೋಗ ತರುವ ಕ್ರಿಪ್ಟೊಕ್ಯಾರಿಯಾನ್ ಪರೋಪಜೀವಿ ಚರ್ಮದೊಳಗಿರುವಾಗ ತಾಮ್ರ ಅದನ್ನು ಏನೂ ಮಾಡಲಾರದು, ತಳದಲ್ಲಿ ಗೂಡು ಕಟ್ಟಿರುವಾಗಲೂ ಅಷ್ಟೇ. ಗೂಡೊಡೆದು ಹೊಸ ಮೀನನ್ನು ಹುಡುಕುತ್ತಾ ಈಜುವ ಅಲ್ಪಾವಧಿಯಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಚುಕ್ಕೆ ಮಾಯವಾಯಿತೆಂದು ನಾಲ್ಕೇ ದಿನಕ್ಕೆ ಔಷಧ ನಿಲ್ಲಿಸಿದವರು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುವುದು ಇದಕ್ಕೇ. ಕುಳ್ಳ ಏಂಜಲ್‌ಗಳಿಗೆ ತಾಮ್ರ ಸುಲಭವಾಗಿ ಆಗಿಬರುವುದಿಲ್ಲ. ಕೀಲೇಟೆಡ್ ತಾಮ್ರವನ್ನು, ಅಂದರೆ ಬೇರೊಂದು ಅಣುವಿಗೆ ಕಟ್ಟಿಹಾಕಿದ ತಾಮ್ರವನ್ನು, ಒಂದೇ ಸಲ ಸುರಿಯದೆ ಐದಾರು ದಿನಗಳಲ್ಲಿ ಏರಿಸುತ್ತಾ 2 ಪಿಪಿಎಂಗಿಂತ ತುಸು ಮೇಲೆ ತಂದು, ದಿನವೂ ಅಳೆದು, ಮೂವತ್ತು ದಿನ ಹಿಡಿದಿಡುತ್ತೇನೆ. ಊಟ ಬಿಟ್ಟರೆ ಅಂದು ಏರಿಸುವುದನ್ನು ನಿಲ್ಲಿಸುತ್ತೇನೆ.

ಫ್ಲೂಕ್ ಎಂಬ ಚಪ್ಪಟೆಹುಳುಗಳು ಏಂಜಲ್‌ಗಳಿಗೆ ಅಂಟಿದ ಶಾಪ. ಮೈಮೇಲಿರುವಾಗ ಗಾಜಿನಷ್ಟು ಪಾರದರ್ಶಕವಾದ್ದರಿಂದ ಕಾಣುವುದಿಲ್ಲ. ಫ್ಲೇಮ್ ಏಂಜಲ್ ತಲೆ ಕೊಡವುತ್ತಿದ್ದುದನ್ನು ನೋಡಿ, ಉಷ್ಣಾಂಶವನ್ನೂ ಪಿಎಚ್ ಅನ್ನೂ ಹೊಂದಿಸಿದ ಸಿಹಿನೀರಿನಲ್ಲಿ ಐದು ನಿಮಿಷ ಅದ್ದಿದೆ. ಮೊದಲ ನಿಮಿಷ ಏನೂ ಇಲ್ಲ. ಮೂರನೆಯ ನಿಮಿಷಕ್ಕೆ ಕಣ್ಣಿನ ಮೇಲೊಂದು ಬಿಳಿಯ ಬಿಲ್ಲೆ ಮೂಡಿತು, ಉದುರಿತು. ಆಮೇಲೆ ಎಳ್ಳುಕಾಳಿನಷ್ಟು ದೊಡ್ಡವು ಒಂದೊಂದಾಗಿ ಬಕೆಟ್ಟಿನ ತಳಕ್ಕೆ ಬಿದ್ದವು. ಹತ್ತೊಂಬತ್ತು ಎಣಿಸಿದೆ. ಇಷ್ಟನ್ನು ಹೊತ್ತುಕೊಂಡು ಆ ಪ್ರಾಣಿ ಹೇಗೆ ಅಷ್ಟು ಲವಲವಿಕೆಯಿಂದ ಇತ್ತೋ! ಉಳಿದವುಗಳಿಗೆ ಪ್ರಾಜಿಕ್ವಾಂಟೆಲ್ ಎಂಬ ಹುಳುವಿನ ಔಷಧ ಕೊಟ್ಟೆ. ಮೊಟ್ಟೆಗಳಿಗೆ ಅದು ತಾಗುವುದಿಲ್ಲವಾದ್ದರಿಂದ ಒಂದು ವಾರ ಬಿಟ್ಟು ಮತ್ತೊಮ್ಮೆ ಕೊಟ್ಟೆ.

ಊಟದ ವಿಷಯ ಸರಳ. ದಿನಕ್ಕೆ ಮೂರು ಹೊತ್ತು, ಸ್ವಲ್ಪ ಸ್ವಲ್ಪ: ಸ್ಪಿರುಲಿನಾ ಬೆರೆಸಿದ ಕಾಳು, ಮೈಸಿಸ್ ಸೀಗಡಿ, ಸಮುದ್ರದ ಸ್ಪಂಜುಪ್ರಾಣಿ ಸೇರಿಸಿದ ಹೆಪ್ಪುಗಟ್ಟಿಸಿದ ಆಹಾರ, ಕ್ಲಿಪ್ಪಿಗೆ ಸಿಕ್ಕಿಸಿದ ನೋರಿ ಎಂಬ ಒಣ ಕಡಲಪಾಚಿಯ ಹಾಳೆ. ಹೊಟ್ಟೆ ತುಂಬಿದ ಏಂಜಲ್ ಹವಳ ಮುಟ್ಟುವುದಿಲ್ಲ ಎನ್ನುವವರಿದ್ದಾರೆ. ನನ್ನ ಫ್ಲೇಮ್ ನೋರಿ ತಿಂದು ಬಾಯಿ ಒರೆಸಿಕೊಳ್ಳುವಂತೆ ಹೋಗಿ ಟ್ರ್ಯಾಕಿಫಿಲಿಯಾ ಕುಕ್ಕಿದ್ದನ್ನು ನಾನೇ ನೋಡಿದ್ದೇನೆ.

ಅದನ್ನು ಹಿಡಿಯಲೇಬೇಕಾಯಿತು. ಬಂಡೆಗಳನ್ನು ಕದಲಿಸದೆ ಹವಳದ ತೊಟ್ಟಿಯಿಂದ ಕುಳ್ಳ ಏಂಜಲ್ ಹಿಡಿಯುವುದೆಂದರೆ ಬಿಲದ ಇಲಿಯನ್ನು ಹಿಡಿದಂತೆ. ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆ ಇಟ್ಟು, ಬಾಗಿಲಿಗೆ ದಾರ ಕಟ್ಟಿ, ಮೂರು ದಿನ ಊಟವನ್ನೆಲ್ಲ ಅದರೊಳಗೇ ಹಾಕಿದೆ. ಮೊದಲು ಕೋರಲ್ ಬ್ಯೂಟಿ ಬಂತು, ಗೋಬಿ ಮೀನು ಬಂತು, ಬಸವನಹುಳುವೂ ಬಂತು. ಫ್ಲೇಮ್ ಹೊರಗಿನಿಂದಲೇ ನೋಡುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಊಟ ಕೊಡದೆ, ಮಧ್ಯಾಹ್ನ ಅದರ ಪ್ರೀತಿಯ ನೋರಿಯ ಚೂರು ಒಳಗಿಟ್ಟೆ. ತಲೆ ಹಾಕಿತು, ಹಿಂದೆ ಸರಿಯಿತು, ಪೂರ್ತಿ ಒಳಗೆ ಹೋಯಿತು. ದಾರ ಬಿಟ್ಟೆ. ಈಗ ಅದು ಚರ್ಮಹವಳ ಮತ್ತು ಅಣಬೆಹವಳಗಳಷ್ಟೇ ಇರುವ ನನ್ನ ಇನ್ನೊಂದು ತೊಟ್ಟಿಯಲ್ಲಿದೆ, ಅಲ್ಲಿ ಯಾವುದನ್ನೂ ಮುಟ್ಟಿಲ್ಲ. ಟ್ರ್ಯಾಕಿಫಿಲಿಯಾ ಒಂಬತ್ತನೆಯ ದಿನ ಅರ್ಧ ಉಬ್ಬಿತು, ತಿಂಗಳು ತುಂಬುವ ಹೊತ್ತಿಗೆ ಬಿಳಿ ಹಲ್ಲುಗಳು ಮುಚ್ಚಿಕೊಂಡವು.

ನನ್ನ ಅನುಭವದಲ್ಲಿ ಏಂಜಲ್‌ಗಳಿಗೆ ಹೆಚ್ಚು ಬಲಿಯಾಗುವುದು ಹೀಗೆ ಮಾಂಸಲವಾಗಿ ಉಬ್ಬುವ ಹವಳಗಳು, ಜೋಅಂಥಿಡ್ ಎಂಬ ಹವಳದಂಥ ಮೆತ್ತನೆಯ ಜೀವಿಗಳು, ದೈತ್ಯ ಕಪ್ಪೆಚಿಪ್ಪಿನ ಹೊರಚಾಚಿದ ಮಾಂಸದ ಅಂಚು. ಇವುಗಳ ಮೇಲೆ ಪ್ರಾಣ ಇಟ್ಟುಕೊಂಡವರು ಕುಳ್ಳ ಏಂಜಲ್ ಆಸೆ ಬಿಡುವುದು ಒಳ್ಳೆಯದು. ದೊಡ್ಡ ಏಂಜಲ್‌ಗಳ ಮಾತೇ ಬೇರೆ. ಸ್ಪಂಜು, ಬಂಡೆಗೆ ಅಂಟಿ ಬೆಳೆಯುವ ಟ್ಯೂನಿಕೇಟ್ ಎಂಬ ಜೀವಿಗಳನ್ನು ಕಡಿದು ತಿನ್ನುವ ಬಾಯಿ ಅವುಗಳದು. ಎಂಪರರ್ ಏಂಜಲ್ ಮರಿಯ ಕಡುನೀಲಿಯ ಮೇಲಿನ ಬಿಳಿ ಸುರುಳಿ ನೋಡಿ ನಾನೂ ಎರಡು ಸಲ ಕರಗಿದ್ದೇನೆ. ಬೆಳೆದ ಮೇಲೆ ಅದು ಹಳದಿ ನೀಲಿ ಗೆರೆಗಳ ಬೇರೆಯೇ ಮೀನು. 1787ರಲ್ಲಿ ಬ್ಲಾಕ್ ಎಂಬ ಜರ್ಮನ್ ಮೀನುತಜ್ಞ ದೊಡ್ಡ ಮೀನನ್ನು ವರ್ಣಿಸಿದ. ಮರಿಗೆ ಆಮೇಲೆ ನಿಕೋಬಾರ್ ದ್ವೀಪಗಳ ಹೆಸರಿನಲ್ಲಿ ಬೇರೊಂದು ಜಾತಿಯ ಪಟ್ಟವೇ ಸಿಕ್ಕಿತ್ತು. ನಲವತ್ತು ಸೆಂಟಿಮೀಟರಿನವರೆಗೆ ಬೆಳೆಯುವ ಪ್ರಾಣಿಗೆ ನನ್ನ 400 ಲೀಟರ್ ಒಂದು ಬಕೆಟ್ ಅಷ್ಟೇ. ಎರಡು ಸಲವೂ ಬರಿಗೈಯಲ್ಲಿ ಮರಳಿದೆ.

ಫ್ಲೇಮ್ ಖಾಲಿ ಮಾಡಿದ ಜಾಗಕ್ಕೆ ಆರಿಸಿದ್ದು ಜೆನಿಕ್ಯಾಂಥಸ್ ಮೆಲನೋಸ್ಪೈಲೋಸ್ ಎಂಬ ಬೇರೊಂದು ಕುಲದ ಏಂಜಲ್. ಈ ಕುಲದವು ಬಂಡೆ ಮೇಯುವುದಿಲ್ಲ, ನಡುನೀರಿನಲ್ಲಿ ತೇಲುವ ಪ್ಲವಕವೆಂಬ ಸಣ್ಣ ಜೀವಿಗಳನ್ನು ಹೆಕ್ಕುತ್ತವೆ. ಹವಳದ ತೊಟ್ಟಿಗೆ ಇವುಗಳಷ್ಟು ನಂಬಿಕೆಯ ಏಂಜಲ್ ಇನ್ನೊಂದಿಲ್ಲ. ಆಳದಿಂದ ಮೇಲೆತ್ತುವಾಗ ಗಾಳಿಚೀಲ ಹಾನಿಗೊಂಡಿದ್ದರೆ ಬಾಲ ಮೇಲಾಗಿ ತೇಲುತ್ತವೆ. ಆದ್ದರಿಂದ ಸುಮ್ಮನೆ ನಿಂತಾಗ ಮೈ ಅಡ್ಡಕ್ಕೆ ನೆಟ್ಟಗಿದೆಯೇ ಎಂಬುದನ್ನು ಮೊದಲು ನೋಡಿದೆ. ತಂದದ್ದು ಎರಡು, ಒಂದು ದೊಡ್ಡದು, ಒಂದು ಸಣ್ಣದು. ಎರಡೂ ಹೆಣ್ಣು, ಬೆನ್ನು ಹಳದಿ, ಹೊಟ್ಟೆ ತಿಳಿನೀಲಿ, ಬಾಲದ ಎರಡೂ ಅಂಚಿಗೆ ಕಪ್ಪು ಗೆರೆ. ಏಂಜಲ್‌ಗಳಲ್ಲಿ ಹೆಚ್ಚಿನವು ಹೆಣ್ಣಾಗಿಯೇ ಬೆಳೆದು, ಗುಂಪಿನ ದೊಡ್ಡದು ಗಂಡಾಗುವ ಜಾತಿಯವು; ಈ ಕುಲದಲ್ಲಿ ಗಂಡಿನ ಬಣ್ಣವೂ ಬೇರೆ.

ಏಳನೆಯ ವಾರದಲ್ಲಿ ದೊಡ್ಡದರ ಬೆನ್ನಿನ ಹಳದಿ ಮಾಸತೊಡಗಿತು. ರೋಗವೆಂದು ಹೆದರಿ ಕ್ವಾರಂಟೈನ್ ತೊಟ್ಟಿಗೆ ನೀರು ತುಂಬಿಸಿಯೂ ಇಟ್ಟೆ. ಎರಡು ದಿನ ಕಳೆದು ಹತ್ತಿರದಿಂದ ನೋಡಿದರೆ ಪಕ್ಕೆಯ ಮೇಲೆ ಪೆನ್ಸಿಲಿನಲ್ಲಿ ಎಳೆದಂತೆ ಮೇಲಿನಿಂದ ಕೆಳಕ್ಕೆ ತೆಳುವಾದ ಪಟ್ಟೆಗಳು. ನಿನ್ನೆ ಸಂಜೆ ಎಣಿಸಿದಾಗ ಒಂಬತ್ತು ಸ್ಪಷ್ಟವಾಗಿದ್ದವು, ಬಾಲದ ಕಡೆಯವು ಇನ್ನೂ ಮಸುಕು. ಸಣ್ಣ ಹೆಣ್ಣು ಅದರ ಹಿಂದೆಯೇ ಈಜುತ್ತಿತ್ತು. ಕೆಳಗೆ ಟ್ರ್ಯಾಕಿಫಿಲಿಯಾ ಅಂಗೈಯಗಲ ಅರಳಿತ್ತು.