ಪತ್ರ ಬರೆದು ರಂಗಕಲಾವಿದರ ಹಸ್ತಾಕ್ಷರ ಪಡೆದದ್ದು: ನನ್ನ ಅನುಭವ

ಹಸ್ತಾಕ್ಷರ ಬೇಕಿದ್ದರೆ ಪ್ರದರ್ಶನ ಮುಗಿದ ಮೇಲೆ ನೇಪಥ್ಯದ ಬಾಗಿಲಲ್ಲಿ ಕಾಯಬೇಕು, ಪತ್ರಕ್ಕೆ ಯಾರೂ ಉತ್ತರ ಕೊಡುವುದಿಲ್ಲ ಎಂದು ನನ್ನ ಜೊತೆಯ ಸಂಗ್ರಾಹಕರು ಮೊದಲಿನಿಂದಲೂ ಹೇಳುತ್ತಿದ್ದರು. ಮೊದಲ ವರ್ಷ ಅವರ ಮಾತೇ ನಿಜವೆನಿಸಿತ್ತು. 40ರ ಆಸುಪಾಸು ಪತ್ರಗಳಿಗೆ ಬಂದದ್ದು 4 ಉತ್ತರ, ಅದರಲ್ಲಿಯೂ ಒಂದು ಅಚ್ಚು ಹಾಕಿದ ಸಹಿ. ಕಳೆದ ಎರಡು ವರ್ಷಗಳಲ್ಲಿ 60ಕ್ಕೆ ಸುಮಾರು 35 ಬಂದಿವೆ. ಅಂದು ಬೇಡವೆಂದವರಲ್ಲಿ ಇಬ್ಬರು ಈಗ ತಮ್ಮ ಕರಡನ್ನು ನನಗೆ ತೋರಿಸಿಯೇ ಅಂಚೆಗೆ ಹಾಕುತ್ತಾರೆ.

ತಪ್ಪು ಇದ್ದದ್ದು ಪತ್ರದಲ್ಲಿಯೇ. ‘ಅದ್ಭುತ’, ‘ಅಮೋಘ’ ಎಂಬ ಮಾತುಗಳಿಂದ ಎರಡು ಪುಟ ತುಂಬಿಸಿ, ಮೂರು ಕಡೆ ‘ದಯವಿಟ್ಟು’ ಎಂದು ಬೇಡಿಕೊಂಡು, ನಾಲ್ಕು ಚಿತ್ರಗಳನ್ನು ಇಟ್ಟು ಕಳುಹಿಸುತ್ತಿದ್ದೆ. ನಾಲ್ಕು ಚಿತ್ರ ಕಂಡವರಿಗೆ ಇವನು ಮಾರಾಟಕ್ಕೆ ಕೇಳುತ್ತಿದ್ದಾನೆ ಎನ್ನಿಸುವುದು ಸಹಜ. ಈಗ ಒಂದೇ ಪುಟ, ಒಂದೇ ಕಾರ್ಡು, ಅದರಲ್ಲಿ ನನ್ನ ಹೆಸರನ್ನೂ ಬರೆದುಕೊಡುವಂತೆ ವಿನಂತಿ. ಹೆಸರಿರುವ ಕಾರ್ಡಿಗೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ ಎಂಬುದು ಕಲಾವಿದರಿಗೂ ಗೊತ್ತು.

ಹೊಗಳಿಕೆಯ ಜಾಗದಲ್ಲಿ ನಾನು ಕಣ್ಣಾರೆ ಕಂಡ ಒಂದು ಗಳಿಗೆಯನ್ನು ಮಾತ್ರ ಬರೆಯುತ್ತೇನೆ. ‘ಎರಡನೆಯ ಅಂಕದಲ್ಲಿ ಪತ್ರ ಓದಿ ಮುಗಿಸಿದ ಮೇಲೆ ತಾವು ಅದನ್ನು ಮಡಿಸದೆ, ಕುರ್ಚಿಯ ಬೆನ್ನನ್ನು ಹಿಡಿದು ಸುಮ್ಮನೆ ನಿಂತಿರಿ, ಆ ಮೌನ ನನಗೆ ಇನ್ನೂ ನೆನಪಿದೆ’ ಎಂದು ಒಬ್ಬ ಹಿರಿಯ ನಟಿಗೆ ಬರೆದಿದ್ದೆ. ಕೋರಿಕೆ ಕೊನೆಯಲ್ಲಿ ಒಂದೇ ಸಲ: ‘ಬಿಡುವಾದಾಗ ಜೊತೆಗಿರುವ ಕಾರ್ಡಿನ ಮೇಲೆ ಸಹಿ ಹಾಕಿಕೊಡಲು ಸಾಧ್ಯವೇ? ಆಗದಿದ್ದರೆ ಬೇಸರವಿಲ್ಲ, ಈ ಪತ್ರ ತಮ್ಮನ್ನು ತಲುಪಿದರೆ ಸಾಕು.’ ಒಲ್ಲೆ ಎನ್ನಲು ದಾರಿ ಬಿಡದ ವಿನಯವು ಒತ್ತಾಯವೇ ಆಗುತ್ತದೆ.

ನ್ಯೂಯಾರ್ಕಿನ ಬ್ರಾಡ್‌ವೇ, ಲಂಡನ್ನಿನ ವೆಸ್ಟ್ ಎಂಡ್ ರಂಗಮಂದಿರಗಳಲ್ಲಿ ವಾರಕ್ಕೆ 8 ಪ್ರದರ್ಶನ ವಾಡಿಕೆ. ಅಷ್ಟು ದುಡಿಯುವವರಿಗೆ ಪ್ರಯೋಗ ಆರಂಭವಾದ ವಾರದಲ್ಲಿ ಪತ್ರ ತೆರೆಯುವಷ್ಟು ಪುರಸೊತ್ತೂ ಇರುವುದಿಲ್ಲ, ಮುಗಿಯುವ ವಾರದಲ್ಲಿ ಕಳುಹಿಸಿದರೆ ಪತ್ರ ತಲುಪುವ ಹೊತ್ತಿಗೆ ಅವರೇ ಅಲ್ಲಿರುವುದಿಲ್ಲ. ಹೀಗೆ ಕಡೆಯ ವಾರಕ್ಕೆ ಬರೆದು ಹತ್ತು ಲಕೋಟೆಗಳನ್ನಾದರೂ ಕಳೆದುಕೊಂಡಿದ್ದೇನೆ. ಈಗ ನಡುವಿನ ವಾರಗಳಲ್ಲಿ, ರಂಗಮಂದಿರದ ನೇಪಥ್ಯದ ಬಾಗಿಲಿನ ವಿಳಾಸಕ್ಕೆ ಬರೆಯುತ್ತೇನೆ. ಲಕೋಟೆಯ ಹೊರಗೆ ಕಲಾವಿದರ ಹೆಸರಿನ ಜೊತೆಗೆ ಇನ್ನೊಂದು ಪದವನ್ನೂ ಸೇರಿಸುತ್ತೇನೆ. ಅದು ಯಾವುದೆಂಬುದು ನನ್ನಲ್ಲೇ ಇರಲಿ.

ಹಣದ ಅರ್ಧ ಪಾಲು ಮರಳುವ ಲಕೋಟೆಗೇ, ಅಂದರೆ ಉತ್ತರಕ್ಕೆಂದು ನನ್ನ ವಿಳಾಸ ಬರೆದು ಅಂಚೆಚೀಟಿ ಹಚ್ಚಿ ಪತ್ರದ ಜೊತೆ ಇಡುವ ಲಕೋಟೆಗೇ ಹೋಗುತ್ತದೆ. ಆರಂಭದಲ್ಲಿ 8×10 ಅಂಗುಲದ ಚಿತ್ರವನ್ನು ರಟ್ಟಿನ ನಡುವೆ ಇಟ್ಟು ಕಳುಹಿಸುತ್ತಿದ್ದೆ. ರಟ್ಟಿನ ತೂಕ ಲೆಕ್ಕಕ್ಕೆ ತೆಗೆದುಕೊಳ್ಳದೆ ಮರಳುವ ಲಕೋಟೆಗೆ ಕಡಿಮೆ ಅಂಚೆಚೀಟಿ ಹಚ್ಚಿದ್ದರಿಂದ ಐದಾರು ಸಲ ಬಾಕಿ ತೆತ್ತು ಬಿಡಿಸಿಕೊಂಡೆ. 4×6ರ ಕಾರ್ಡಿಗೆ ಇಳಿದ ಮೇಲೆ ಖರ್ಚು ಮೂರರಲ್ಲಿ ಒಂದು ಪಾಲಿಗೆ ಬಂತು. ಹೊರದೇಶದವರಿಗೆ ನಮ್ಮ ಅಂಚೆಚೀಟಿ ಉಪಯೋಗವಿಲ್ಲ. ಉತ್ತರಿಸುವವರು ತಮ್ಮ ದೇಶದ ಅಂಚೆ ಕಚೇರಿಯಲ್ಲಿ ಕೊಟ್ಟು ಅಂಚೆಚೀಟಿ ಪಡೆಯಬಹುದಾದ, 1907ರಿಂದ ಚಾಲ್ತಿಗೆ ಬಂದ ಅಂತಾರಾಷ್ಟ್ರೀಯ ಮರುತ್ತರ ಕೂಪನ್ನುಗಳನ್ನು ಎಷ್ಟೋ ದೇಶಗಳ ಅಂಚೆ ಇಲಾಖೆಗಳು ಈಗ ಮಾರುವುದಿಲ್ಲ. ಹಾಗಾಗಿ ಆಯಾ ದೇಶದ ಹೊಸ ಅಂಚೆಚೀಟಿಗಳನ್ನೇ ತರಿಸಿ ಅಂಟಿಸುತ್ತೇನೆ.

ಒಮ್ಮೆ ಹೊಳಪು ಕಾಗದದ ಚಿತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕಳುಹಿಸಿದ್ದೆ. ಮರಳಿ ಬಂದಾಗ ಸಹಿಯ ಅರ್ಧ ಚಿತ್ರದ ಮೇಲಿತ್ತು, ಉಳಿದರ್ಧ ತಲೆಕೆಳಗಾಗಿ ಕವರಿಗೆ ಅಂಟಿಕೊಂಡಿತ್ತು. ಆ ನೋವಿನಿಂದ ಪೆನ್ನುಗಳ ಪರೀಕ್ಷೆಗೆ ಇಳಿದು ತಿಂಗಳುಗಳೇ ಕಳೆದವು. ಹೊಳಪಿಲ್ಲದ ಕಾಗದಕ್ಕೆ ಶಾರ್ಪಿ ಎಂಬ ಮಾರ್ಕರ್ ಪೆನ್ನು ಸಾಕು, ಕಪ್ಪು ಹಿನ್ನೆಲೆಗೆ ಬೆಳ್ಳಿ ಬಣ್ಣದ ಪೇಂಟ್ ಪೆನ್ನು ಬೇಕು. ಹೊಳಪು ಚಿತ್ರವೇ ಬೇಕೆಂದರೆ ಸಹಿ ಬೀಳುವ ಜಾಗವನ್ನು ಮೊದಲೇ ಮೃದುವಾಗಿ ಉಜ್ಜಿ ಕಳುಹಿಸಬೇಕು. ನಾನು ಯಾವುದರಿಂದ ಉಜ್ಜುತ್ತೇನೆ ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ.

ಬಂದ ಸಹಿಯನ್ನು ಅದೇ ಕಲಾವಿದರ ಇನ್ನೊಂದು ಸಹಿಯ ಮೇಲಿಟ್ಟು ಬೆಳಕಿಗೆ ಹಿಡಿದು ನೋಡುವುದನ್ನು ಬಿಡುವುದಿಲ್ಲ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತರೆ ಅದು ಯಂತ್ರದ ಅಥವಾ ಅಚ್ಚಿನ ಕೆಲಸ; ಮನುಷ್ಯರ ಕೈ ಎರಡು ಸಲ ಒಂದೇ ಹಾಗೆ ಓಡುವುದಿಲ್ಲ. ನನ್ನಲ್ಲಿ ಅಂಥವು ಮೂರು ಸಿಕ್ಕಿವೆ, ಅವನ್ನು ಬೇರೆಯಾಗಿ ಇಟ್ಟಿದ್ದೇನೆ.

ಆ ಹಿರಿಯ ನಟಿಯ ಉತ್ತರ 14 ತಿಂಗಳ ನಂತರ ಬಂತು. ಕಾರ್ಡು ಖಾಲಿಯಾಗಿಯೇ ಇತ್ತು. ಅದರ ಹಿಂದೆ ನನ್ನದೇ ಪತ್ರವನ್ನು ಮಡಿಸಿ ಇಟ್ಟಿದ್ದರು. ಕುರ್ಚಿಯ ಮಾತು ಬರೆದಿದ್ದ ಸಾಲಿಗೆ ನೀಲಿ ಶಾಯಿಯಲ್ಲಿ ಗೆರೆ ಎಳೆದು, ಕೆಳಗೆ ದೊಡ್ಡ ಅಕ್ಷರಗಳಲ್ಲಿ ಸಹಿ ಮಾಡಿದ್ದರು. ಅಂದೇ ಕೃತಜ್ಞತೆಯ ಪತ್ರ ಬರೆದೆ. ಅದರಲ್ಲಿ ಮರಳುವ ಲಕೋಟೆ ಇಡಲಿಲ್ಲ.