ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ: ಕೊನೆಯ ವರ್ಷದ ಸಾಕ್ಷ್ಯಚಿತ್ರ ಮಾಡಿದ ಬಗೆ

ಪದವಿಯ ಕೊನೆಯ ಪ್ರಾಜೆಕ್ಟಿಗೆ 12 ನಿಮಿಷದ ಸಾಕ್ಷ್ಯಚಿತ್ರವನ್ನು ಮೊದಲು ಬರೀ ಧ್ವನಿಯಲ್ಲಿ ಪೂರ್ತಿ ಮುಗಿಸಿದೆ. ಕ್ಯಾಮೆರಾ ಕೈಗೆ ತೆಗೆದುಕೊಂಡದ್ದು ಆಮೇಲೆ. ಪ್ರಸ್ತಾವನೆ ಮಂಡಿಸಿದ ದಿನ ಗೈಡ್ ಸೇರಿದಂತೆ ಯಾರೂ ಒಪ್ಪಲಿಲ್ಲ. ‘ಇದು ರೇಡಿಯೋ ಕಾರ್ಯಕ್ರಮ ಆಗುತ್ತೆ, ವಿಡಿಯೋ ಪೇಪರಿಗೆ ಅಂಕ ಬೀಳಲ್ಲ’ ಅನ್ನುವುದು ಅವರ ವಾದ. ಕೊನೆಗೆ ಬ್ಯಾಚಿನಲ್ಲಿ ಹೆಚ್ಚು ಅಂಕ ಬಿದ್ದದ್ದು ಇದಕ್ಕೇ. ಶೂಟಿಂಗ್, ಎಡಿಟಿಂಗ್ ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ, ಹಾಗಾಗಿ ಮೂಲಪಾಠ ಬಿಟ್ಟಿದ್ದೇನೆ. ಅಂಕಿಗಳು ನೆನಪಿನಿಂದ ಬಂದವು, ಸ್ವಲ್ಪ ಹೆಚ್ಚುಕಮ್ಮಿ ಇರಬಹುದು.

ಇದಕ್ಕೆ ಮೊದಲು ಎರಡು ಸಲ ಕೈಸುಟ್ಟುಕೊಂಡಿದ್ದೆ. ಮೊದಲ ಸಲ 10 ನಿಮಿಷದ ಚಿತ್ರಕ್ಕೆ ಸುಮಾರು 14 ಗಂಟೆ ಫುಟೇಜ್. ದುಡ್ಡಿನ ಮುಕ್ಕಾಲು ಪಾಲು ಕ್ಯಾಮೆರಾ, ಲೆನ್ಸ್, ಲೈಟುಗಳ ಬಾಡಿಗೆಗೆ ಹೋಯಿತು, ಮೈಕಿಗೆ ಒಂದು ಕಾಸೂ ಹಾಕಲಿಲ್ಲ. ಮಾತೆಲ್ಲ ಕ್ಯಾಮೆರಾ ಮೇಲಿನ ಮೈಕಿಗೆ ಎರಡು ಮೀಟರ್ ದೂರದಿಂದ ಬಿದ್ದದ್ದು. ಕೋಣೆಯ ಪ್ರತಿಧ್ವನಿ ಒಮ್ಮೆ ಮಾತಿನೊಳಗೆ ಸೇರಿದರೆ ಯಾವ ಪ್ಲಗಿನ್ನೂ (ಎಡಿಟಿಂಗ್ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಉಪಕರಣ) ಅದನ್ನು ಪೂರ್ತಿ ಬಿಡಿಸಿ ಕೊಡುವುದಿಲ್ಲ. ಹೆಚ್ಚು ತಿರುಗಿಸಿದಷ್ಟೂ ಮಾತು ನೀರೊಳಗಿಂದ ಬಂದಂತೆ ಕೇಳುತ್ತದೆ. ಎರಡನೇ ಸಲ ಫೋನಿನಲ್ಲಿ ಚಿತ್ರ, ಬೇರೆ ರೆಕಾರ್ಡರಿನಲ್ಲಿ ಧ್ವನಿ. ಫೋನಿನ ಮಾಮೂಲಿ ಕ್ಯಾಮೆರಾ ಆ್ಯಪ್ ಸೆಕೆಂಡಿಗೆ 30 ಫ್ರೇಮ್ ಅಂತ ತೋರಿಸಿದರೂ ಬೆಳಕು ಕಮ್ಮಿಯಾದಾಗ ಅಥವಾ ಫೋನ್ ಬಿಸಿಯಾದಾಗ ಆ ದರ ಏರಿಳಿಯುತ್ತದೆ. ಶುರುವಿನ ಚಪ್ಪಾಳೆಗೆ ಸರಿಯಾಗಿ ಹೊಂದಿಸಿದ್ದೆ, 20ನೇ ನಿಮಿಷಕ್ಕೆ ಬರುವಷ್ಟರಲ್ಲಿ ತುಟಿಯೇ ಬೇರೆ, ಮಾತೇ ಬೇರೆ. ಟೈಮ್‌ಲೈನಿಗೆ ಹಾಕುವ ಮೊದಲೇ ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಪರಿವರ್ತಕ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಪರಿವರ್ತಿಸಿಕೊಂಡಿದ್ದರೆ ಆ ಒಂದು ವಾರ ಉಳಿಯುತ್ತಿತ್ತು.

ಮೂರನೇ ಸಲ ದಾರಿ ತೋರಿಸಿದ್ದು ಕಿಟ್ ರೂಮಿನ (ಕಾಲೇಜಿನಲ್ಲಿ ಉಪಕರಣ ಕೊಡುವ ಕೋಣೆ) ಬುಕಿಂಗ್ ಪಟ್ಟಿ. ಕೊನೆಯ ಸೆಮಿಸ್ಟರಿನಲ್ಲಿ ಕ್ಯಾಮೆರಾಗಳಿಗೆ ಮೂರು ವಾರದ ಸರದಿ, ರೆಕಾರ್ಡರುಗಳು ಮಾತ್ರ ಕಪಾಟಿನಲ್ಲೇ ಬಿದ್ದಿರುತ್ತವೆ. ಉಳಿದವರು ಕ್ಯಾಮೆರಾಗೆ ಕಾಯುತ್ತಿದ್ದ ಅಷ್ಟೂ ದಿನ ನನ್ನ ಕೆಲಸ ನಡೆಯಿತು. ಕ್ಯಾಮೆರಾ ಬಾಡಿಗೆ ಆರು ದಿನದಿಂದ ಎರಡಕ್ಕೆ ಇಳಿಯಿತು. ಉಳಿದ ದುಡ್ಡಿನಲ್ಲಿ ಒಂದು ಒಳ್ಳೆಯ ಕಾಲರ್ ಮೈಕ್ ಮತ್ತು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಸ್ವಂತಕ್ಕೇ ಕೊಂಡೆ.

ವಿಷಯ, ಹೊಲಿಗೆ ಯಂತ್ರ ರಿಪೇರಿ ಮಾಡುವ ಮೂವರು. ಒಟ್ಟು ಸುಮಾರು ನಾಲ್ಕೂವರೆ ಗಂಟೆ ಸಂದರ್ಶನ, ಬರೀ ಧ್ವನಿ. ಕ್ಯಾಮೆರಾ ಎದುರಿಗಿಲ್ಲದಿದ್ದರೆ ಜನ ಹತ್ತೇ ನಿಮಿಷದಲ್ಲಿ ಸಡಿಲವಾಗುತ್ತಾರೆ. ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಮಾತಿನ ಮಟ್ಟ −18ರಿಂದ −12 ಡೆಸಿಬೆಲ್ ನಡುವೆ, ನಗು ಬಂದರೂ −6 ದಾಟಬಾರದು. ಅತಿ ಮೆಲು, ಅತಿ ಜೋರು ಸದ್ದು ಎರಡನ್ನೂ ಒಡೆಯದೆ ಹಿಡಿಯುವ 32 ಬಿಟ್ ಫ್ಲೋಟ್ ರೆಕಾರ್ಡರ್ ಇದ್ದರೆ ಮಟ್ಟದ ಚಿಂತೆ ಬಹುತೇಕ ತಪ್ಪುತ್ತದೆ ನಿಜ. ಆದರೆ ಬಟ್ಟೆಯ ಸರಬರ, ಗೋಡೆಯ ಮಾರ್ದನಿ ಅದರಿಂದ ಹೋಗುವುದಿಲ್ಲ. ಕಾಲರ್ ಮೈಕ್ ಗಲ್ಲದಿಂದ ಒಂದು ಗೇಣು ಕೆಳಗೆ. ಟೇಪನ್ನು ಅಂಟು ಹೊರಗಿರುವಂತೆ ತ್ರಿಕೋನವಾಗಿ ಮಡಚಿ ಅಂಥ ಎರಡರ ನಡುವೆ ಮೈಕ್ ಇಟ್ಟು, ಒಂದು ಬದಿ ಅಂಗಿಗೆ, ಇನ್ನೊಂದು ಬದಿ ಒಳಬಟ್ಟೆಗೆ ಅಂಟಿಸಿದರೆ ಸರಬರ ನಿಲ್ಲುತ್ತದೆ. ಸಣ್ಣ ಕೋಣೆಯಲ್ಲಿ ಶಾಟ್‌ಗನ್ ಮೈಕ್ (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಉದ್ದ ಮೈಕ್) ಬೇಡ. ಗೋಡೆಗೆ ಬಡಿದು ಬಂದ ಸದ್ದು ಅದರ ಉದ್ದ ಕೊಳವೆಯಲ್ಲಿ ಕಲಸಿ ಮಾತು ಟೊಳ್ಳಾಗುತ್ತದೆ. ಫ್ರಿಡ್ಜ್ ಆಫ್ ಮಾಡಿಸಿದರೆ ನಿಮ್ಮ ಗಾಡಿಯ ಕೀಲಿಯನ್ನು ಅದರೊಳಗೇ ಇಡಿ, ಹೊರಡುವಾಗ ಮತ್ತೆ ಆನ್ ಮಾಡುವುದು ಮರೆಯುವುದಿಲ್ಲ. ಎದ್ದು ಬರುವ ಮೊದಲು ಯಾರೂ ಮಾತಾಡದೆ ಒಂದು ನಿಮಿಷ ಕೋಣೆಯ ಮೌನ ರೆಕಾರ್ಡ್ ಮಾಡಿಕೊಳ್ಳಿ. ನನ್ನ ಅರ್ಧದಷ್ಟು ಕಟ್‌ಗಳು ಆ ಒಂದು ನಿಮಿಷದ ಮೇಲೆ ನಿಂತಿವೆ.

ಒಪ್ಪಿಗೆ ಪತ್ರದಲ್ಲಿ ಧ್ವನಿಗೆ, ಚಿತ್ರಕ್ಕೆ ಬೇರೆ ಬೇರೆ ಸಹಿ ಮಾಡಿಸಿ. ಮೂವರಲ್ಲಿ ಒಬ್ಬರು ದನಿಗೆ ಒಪ್ಪಿದರು, ಮುಖ ತೋರಿಸಲು ಒಪ್ಪಲಿಲ್ಲ. ಮಾಮೂಲಿ ರೀತಿಯಲ್ಲಿ ಹೋಗಿದ್ದರೆ ಅವರನ್ನೇ ಕೈಬಿಡಬೇಕಿತ್ತು. ಇಲ್ಲಿ ಅವರ ಕೈಗಳೇ ಚಿತ್ರದ ಅತ್ಯುತ್ತಮ ಶಾಟ್‌ಗಳಾದವು.

ಮಾತನ್ನು ಬರಹಕ್ಕಿಳಿಸಲು ವಿಸ್ಪರ್ ಅನ್ನುವ ಎಐ ತಂತ್ರಾಂಶ ಬಳಸಿ ನೋಡಿದೆ. ಹುಡುಕಾಟಕ್ಕೆ ಸಾಕು, ಕತ್ತರಿಸಲು ಸಾಲದು. ತಡವರಿಕೆ, ‘ಅಂದ್ರೆ… ಅಂದ್ರೆ…’ ಅನ್ನುವ ಪುನರಾವರ್ತನೆ ಅದು ನುಂಗಿಬಿಡುತ್ತದೆ, ಉದ್ದ ಮೌನ ಬಂದ ಕಡೆ ಯಾರೂ ಆಡದ ವಾಕ್ಯ ಹಾಕುವುದೂ ಉಂಟು. ಹಾಗಾಗಿ ಆರಿಸಿದ ಭಾಗಗಳನ್ನು ಮತ್ತೆ ಕೇಳಿ ಕೈಯಲ್ಲೇ ತಿದ್ದಿದೆ. ಅದನ್ನು ಮುದ್ರಿಸಿ, ತುಂಡು ತುಂಡು ಮಾಡಿ, ನೆಲದ ಮೇಲೆ ಹರಡಿ ಜೋಡಿಸಿದ್ದೇ ಪೇಪರ್ ಎಡಿಟ್. ಮೊದಲ ಜೋಡಣೆ 28 ನಿಮಿಷ, ಆಮೇಲೆ 17, ಕೊನೆಗೆ 12 ನಿಮಿಷ 20 ಸೆಕೆಂಡ್. ಪ್ರತಿ ಹಂತವನ್ನೂ ವಿಷಯ ಗೊತ್ತಿಲ್ಲದ ಇಬ್ಬರಿಗೆ ಕೇಳಿಸಿ, ಅವರು ಫೋನ್ ಕಡೆ ನೋಡಿದ ಸಮಯ ಗುರುತು ಹಾಕಿಕೊಂಡೆ. 28 ನಿಮಿಷದ ಆವೃತ್ತಿಯಲ್ಲಿ ಅಂಥ ಗುರುತು 11, ಕೊನೆಯದರಲ್ಲಿ ಒಂದು.

ಒಂದು ಜಾಗ ಹತ್ತಿರದಿಂದ ಹೇಳುತ್ತೇನೆ. ‘ಮಿಷನ್ ಕೆಡೋ ಮೊದಲೇ ಸದ್ದು ಬದಲಾಗುತ್ತೆ’ ಅಂತ ಚಿತ್ರದಲ್ಲಿ ಒಬ್ಬರು ಹೇಳಿ ನಿಲ್ಲಿಸುತ್ತಾರೆ. ಅಸಲು ರೆಕಾರ್ಡಿಂಗಿನಲ್ಲಿ ತಕ್ಷಣ ಬೆಲ್ಟಿನ ಮಾತಿಗೆ ಹೋಗುತ್ತಾರೆ. ನಾನು ಆ ವಾಕ್ಯದ ಬಳಿಕ ಎರಡು ಸೆಕೆಂಡ್ ಕೋಣೆಯ ಮೌನ, ಆಮೇಲೆ ಸರಿಯಿರುವ ಯಂತ್ರದ ಸದ್ದು ನಾಲ್ಕು ಸೆಕೆಂಡ್, ಆಮೇಲೆ ಬೆಲ್ಟ್ ಸಡಿಲವಾದ ಯಂತ್ರದ್ದು ನಾಲ್ಕು ಸೆಕೆಂಡ್ ಇಟ್ಟೆ. ಕಣ್ಣು ಮುಚ್ಚಿ ಕೇಳಿದರೂ ವ್ಯತ್ಯಾಸ ತಿಳಿಯುತ್ತದೆ. ಶಾಟ್ ಪಟ್ಟಿಯಲ್ಲಿ ಆ 10 ಸೆಕೆಂಡಿಗೆ ಬರೆದದ್ದು ಒಂದೇ ಸಾಲು: ‘ಕಿವಿ ಯಂತ್ರದ ಹತ್ತಿರ, ಕೈ ನಿಂತಿದೆ.’

ಆ ಸದ್ದಿಗಾಗಿ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಪಿಯೆಜೋ ಬಿಲ್ಲೆಗೆ (ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ತೆಳು ಬಿಲ್ಲೆ) ತಂತಿ ಬೆಸುಗೆ ಹಾಕಿ ಯಂತ್ರದ ಮೈಗೆ ಅಂಟಿಸಿದೆ. ಮೊದಲು ಬರೀ ಕಿರಿಕಿರಿ, ಕೆಳದನಿಯೇ ಇಲ್ಲ. ಪಿಯೆಜೋಗೆ ಹೆಚ್ಚು ಇಂಪೀಡೆನ್ಸಿನ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಇನ್‌ಪುಟ್ ಬೇಕು. ಮೈಕ್ ಸಾಕೆಟ್ ಬಿಟ್ಟು ಗಿಟಾರಿಗೆಂದು ಇರುವ ಇನ್‌ಪುಟ್ಟಿಗೆ ಹಾಕಿದ ಕೂಡಲೇ ಮೋಟಾರಿನ ಗುಂಯ್‌ಗುಡುವಿಕೆ ಬಂತು. ಚಿತ್ರದಲ್ಲಿ ಬಳಸಿದ್ದು 15 ಸೆಕೆಂಡ್ ಮಾತ್ರ, ಆದರೆ ವೈವಾದಲ್ಲಿ (ಮೌಖಿಕ ಪರೀಕ್ಷೆ) ಅದರ ಬಗ್ಗೆಯೂ ಕೇಳಿದರು.

ಧ್ವನಿ ಮುಗಿದ ಮೇಲೆ ಶಾಟ್ ಪಟ್ಟಿ ತಾನಾಗಿಯೇ ಹುಟ್ಟುತ್ತದೆ. ನನ್ನದರಲ್ಲಿ 64 ಶಾಟ್ ಇದ್ದವು. ಎರಡು ದಿನದಲ್ಲಿ ಎರಡು ಗಂಟೆಗೂ ಕಮ್ಮಿ ಫುಟೇಜ್. ಪ್ರತಿ ಶಾಟ್ ಕನಿಷ್ಠ 10 ಸೆಕೆಂಡ್ ಅಲುಗಾಡದೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. 50 ಹರ್ಟ್ಸ್ ವಿದ್ಯುತ್ತಿನ ದೀಪದಡಿ ಈ ಜೋಡಿ ಮಿಣುಕುವುದಿಲ್ಲ. ಅಗ್ಗದ ಎಲ್‌ಇಡಿಗಳನ್ನು ಮಾತ್ರ ನಂಬಬೇಡಿ, ಮೊದಲೇ ತೆಗೆದು ನೋಡಿ. ಕೆಲಸ ಮಾಡುವಾಗ ಆಡಿದ ಮಾತು ಬಿಟ್ಟರೆ ತುಟಿ ಹೊಂದಿಸುವ ಗೋಜೇ ಇರಲಿಲ್ಲ.

ಮಿಕ್ಸಿಂಗಿನಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಕಾಲರ್ ಮೈಕ್ ಮತ್ತು ಒಂದು ಮೀಟರ್ ದೂರದ ಬೂಮ್ (ಕೋಲಿನ ತುದಿಗೆ ಕಟ್ಟಿದ ಮೈಕ್) ಎರಡನ್ನೂ ಕೂಡಿಸಿ ಬಿಟ್ಟಿದ್ದೆ. ಸದ್ದು ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಅಷ್ಟು ತಡವಾಗಿ ಬಂದದ್ದು ಮೊದಲಿನದರ ಜೊತೆ ಸೇರಿದಾಗ ಕೆಲವು ಆವರ್ತನಗಳು ಅಳಿಸಿಹೋಗುತ್ತವೆ. ಅವನ್ನು ಎಡಕ್ಕೊಂದು ಬಲಕ್ಕೊಂದು ಹಂಚಿದ್ದರಿಂದ ಹೆಡ್‌ಫೋನಿನಲ್ಲಿ ಗೊತ್ತಾಗಲಿಲ್ಲ. ಸೆಮಿನಾರ್ ಹಾಲಿನ ಪ್ರೊಜೆಕ್ಟರಿಗೆ ಒಂದೇ ಸ್ಪೀಕರ್, ಅಲ್ಲಿ ಮಾತು ತಗಡಿನ ಡಬ್ಬಿಯೊಳಗಿಂದ ಬಂದಂತಾಯಿತು. ಒಂದನ್ನು ಪೂರ್ತಿ ತೆಗೆದು, ಮಾತನ್ನು ನಡುವಿಗೆ ತಂದೆ. ಮಾತಾಡುವವರ ಮುಖ ಕಾಣುವ ಮೊದಲೇ ದನಿ ಬರಿಸುವ ಜೆ-ಕಟ್‌ಗಳಿಗೆ ನಾನು ಇಟ್ಟುಕೊಂಡ ಅಳತೆ ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಸಂದರ್ಶನದಲ್ಲಿ ನಾನು ಕೇಳುವ ಕೊನೆಯ ಪ್ರಶ್ನೆಯನ್ನೂ ಹೇಳುವುದಿಲ್ಲ.

ಅಡಿಬರಹ ಹಾಕುವವರಿಗೆ: ಅಡೋಬಿ ಪ್ರೀಮಿಯರ್‌ನಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿಯಾದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ಭಾಗದಲ್ಲಿ ದಕ್ಷಿಣ ಏಷ್ಯಾದ ಭಾಷೆಗಳಿಗಿರುವ ಟೆಕ್ಸ್ಟ್ ಎಂಜಿನ್ ಆರಿಸಿ. ಅಕ್ಷರ ಯೂನಿಕೋಡ್‌ನಲ್ಲೇ ಇರಲಿ.

ಪ್ರಕ್ರಿಯೆಗೆ ಕೊಡುವ ಅಂಕಗಳನ್ನು ಅನೇಕರು ಬಿಟ್ಟುಬಿಡುತ್ತಾರೆ, ಯಾಕೆಂದರೆ ವರದಿಯನ್ನು ಕೊನೆಯ ರಾತ್ರಿ ನೆನಪಿನಿಂದ ಬರೆಯುತ್ತಾರೆ. ನನ್ನ ಬಳಿ ನೆಲದ ಮೇಲಿನ ಪೇಪರ್ ಎಡಿಟ್‌ನ ಫೋಟೋಗಳು, ಮೂರು ಧ್ವನಿ ಆವೃತ್ತಿಗಳು, ಕೇಳುಗರ ಗುರುತುಗಳು ದಿನಾಂಕದ ಸಮೇತ ಇದ್ದವು. ವೈವಾದಲ್ಲಿ ‘ರೇಡಿಯೋ ಅಲ್ಲವೇ’ ಅನ್ನುವ ಪ್ರಶ್ನೆ ಬಂದಾಗ ಯಂತ್ರದ ಆ 10 ಸೆಕೆಂಡನ್ನು ಒಮ್ಮೆ ಚಿತ್ರವಿಲ್ಲದೆ, ಒಮ್ಮೆ ಚಿತ್ರದ ಜೊತೆ ಹಾಕಿ ತೋರಿಸಿದೆ. ಮುಂದಿನ ಪ್ರಶ್ನೆ ಪಿಯೆಜೋ ಬಿಲ್ಲೆಯನ್ನು ಯಾವ ಅಂಟಿನಿಂದ ಅಂಟಿಸಿದ್ದು ಅಂತ.