ಮೇನ್‌ಫ್ರೇಮ್‌ನ ಎಫ್‌ಟಿಪಿ ಕ್ಲೈಂಟ್ ಸಂಪರ್ಕ ಕಡಿದಾಗ ದೋಷ ಹುಡುಕುವ ಬಗೆ

ಮೇನ್‌ಫ್ರೇಮ್‌ನ ಕಾರ್ಯಾಚರಣಾ ವ್ಯವಸ್ಥೆಯಾದ ಝಡ್/ಓಎಸ್‌ನ ಬ್ಯಾಚ್ ಜಾಬ್‌ನಲ್ಲಿ (ತಾನಾಗಿ ಓಡುವ ಕೆಲಸದಲ್ಲಿ) ಎಫ್‌ಟಿಪಿ, ಅಂದರೆ ಫೈಲ್ ವರ್ಗಾವಣೆ, ವಿಫಲವಾದರೆ ಜೆಸಿಎಲ್‌ಗೆ (ಜಾಬ್ ಬರೆಯುವ ಭಾಷೆಗೆ) ಕೈಹಾಕುವ ಮೊದಲು ಔಟ್‌ಪುಟ್ ಡಿಡಿಯನ್ನು, ಅಂದರೆ ಕ್ಲೈಂಟ್‌ನ ಸಂದೇಶಗಳು ದಾಖಲಾಗುವ ಕಡತವನ್ನು, ಪೂರ್ತಿಯಾಗಿ ಓದಬೇಕು. ರಿಟರ್ನ್ ಕೋಡ್ ಸೊನ್ನೆ (ಯಶಸ್ಸಿನ ಸೂಚನೆ) ಬಂದಿದೆಯೆಂದು ಸಮಾಧಾನಪಡುವಂತಿಲ್ಲ. ಜಾಬ್‌ನ ಪಾರ್ಮ್‌ನಲ್ಲಿ (ಕ್ಲೈಂಟ್‌ಗೆ ಆಯ್ಕೆಗಳನ್ನು ಕೊಡುವ ಜಾಗದಲ್ಲಿ) ಎಕ್ಸಿಟ್ ಎಂದು ಕೊಟ್ಟಿರದಿದ್ದರೆ ಒಂದು ಕಮಾಂಡ್ ಸೋತರೂ ಕ್ಲೈಂಟ್ ಮುಂದಿನದಕ್ಕೆ ಹೋಗುತ್ತದೆ, ಫೈಲ್ ತಲುಪದಿದ್ದರೂ ಸ್ಟೆಪ್ (ಜಾಬ್‌ನ ಆ ಹಂತ) ಸರಿಯಾಗಿ ಮುಗಿದಂತೆಯೇ ಕಾಣುತ್ತದೆ. ಎಕ್ಸಿಟ್ ಇದ್ದಲ್ಲಿ ಇಝಡ್‌ಎ1735ಐ ಸಂದೇಶದ ಎರರ್ ಕೋಡ್ ನೋಡಿ: 8 ಎಂದರೆ ಸಂಪರ್ಕವೇ ಆಗಿಲ್ಲ, 9 ಎಂದರೆ ಕಾಲಮಿತಿ ಮೀರಿದೆ, 11 ಎಂದರೆ ಲಾಗಿನ್ ಆಗಿಲ್ಲ.

ಸಂಪರ್ಕವೇ ಆಗದಿದ್ದಾಗ ನಿರಾಕರಣೆಯನ್ನೂ ಮೌನವನ್ನೂ ಬೇರೆಬೇರೆಯಾಗಿ ನೋಡಬೇಕು. ಇಡಿಸಿ8128ಐ ಎಂಬ ಸಂದೇಶ ಬಂದರೆ ಎದುರಿನಿಂದ ನಿರಾಕರಣೆಯ ಉತ್ತರ ಬಂದಿದೆ. ಬಹುಮಟ್ಟಿಗೆ ಅಲ್ಲಿ ಸರ್ವರ್ ಓಡುತ್ತಿಲ್ಲ ಅಥವಾ ಪೋರ್ಟ್ ಸಂಖ್ಯೆ ತಪ್ಪಾಗಿದೆ. ಇಡಿಸಿ8127ಐ ಬಂದರೆ ಯಾವ ಉತ್ತರವೂ ಬಂದಿಲ್ಲ, ಆದ್ದರಿಂದ ಫೈರ್‌ವಾಲ್ ಅಥವಾ ರೂಟಿಂಗ್ ಕಡೆಗೆ ಗಮನ ಹರಿಸಬೇಕು. ಸರ್ವರ್‌ನ ಹೆಸರಿಗೆ ವಿಳಾಸ ಪತ್ತೆಯಾಗದಿದ್ದರೆ ಜಾಬ್‌ನಲ್ಲಿ ಐಪಿ ವಿಳಾಸವನ್ನೇ ಕೊಟ್ಟು ಓಡಿಸಿ. ಅದು ಸಾಗಿದರೆ ನೆಟ್‌ವರ್ಕ್ ಸೆಟ್ಟಿಂಗ್‌ಗಳ ಕಡತವನ್ನು ತೋರಿಸುವ ಸಿಸ್‌ಟಿಸಿಪಿಡಿ ಡಿಡಿ ಯಾವ ಕಾನ್ಫಿಗರೇಷನ್‌ಗೆ ಸೂಚಿಸುತ್ತಿದೆ ಎಂಬುದನ್ನು ಪರಿಶೀಲಿಸಿ.

ಹೆಚ್ಚು ದಾರಿ ತಪ್ಪಿಸುವುದು ಲಾಗಿನ್ ಆದ ಮೇಲೆ ನಿಲ್ಲುವ ಜಾಬ್. ಲಾಗ್‌ನಲ್ಲಿ ಲಾಗಿನ್ ಆಯಿತೆಂಬ ಸರ್ವರ್ ಉತ್ತರ 230 ಇರುತ್ತದೆ, ಡೇಟಾ ಕಳಿಸಬೇಕಾದ ವಿಳಾಸ ತಿಳಿಸುವ ಪೋರ್ಟ್ ಕಮಾಂಡ್‌ಗೆ 200 (ಸರಿ) ಎಂಬ ಉತ್ತರವೂ ಇರುತ್ತದೆ, ಆದರೆ ವರ್ಗಾವಣೆ ಶುರುವಾಗದೆ ಕೊನೆಗೆ 425 (ಡೇಟಾ ಸಂಪರ್ಕ ತೆರೆಯಲಾಗಲಿಲ್ಲ) ಬರುತ್ತದೆ. ಇದು ಪಾಸ್‌ವರ್ಡ್‌ನ ದೋಷವಲ್ಲ. ಆಕ್ಟಿವ್ ವಿಧಾನದಲ್ಲಿ ಡೇಟಾ ಸಂಪರ್ಕವನ್ನು ಸರ್ವರೇ ಕ್ಲೈಂಟ್‌ನತ್ತ ತೆರೆಯುವುದರಿಂದ, ಆ ಒಳಬರುವ ಸಂಪರ್ಕವನ್ನು ನಡುವಿನ ಫೈರ್‌ವಾಲ್ ತಡೆದಿರುವ ಸಂಭವವೇ ಹೆಚ್ಚು. ಕ್ಲೈಂಟ್‌ನ ಸೆಟ್ಟಿಂಗ್ ಕಡತವಾದ ಎಫ್‌ಟಿಪಿ.ಡೇಟಾದಲ್ಲಿ ಎಫ್‌ಡಬ್ಲ್ಯೂಫ್ರೆಂಡ್ಲಿ ಟ್ರೂ ಎಂದು ಬರೆದರೆ ಕ್ಲೈಂಟ್ ಪ್ಯಾಸಿವ್ ವಿಧಾನಕ್ಕೆ ತಿರುಗಿ ಡೇಟಾ ಸಂಪರ್ಕವನ್ನೂ ತಾನೇ ತೆರೆಯುತ್ತದೆ. ಸಂಪರ್ಕವನ್ನು ಗೂಢಲಿಪೀಕರಿಸುವ ಟಿಎಲ್‌ಎಸ್ ಇದ್ದಾಗ ಕಮಾಂಡ್‌ಗಳು ಗೂಢಲಿಪಿಯಲ್ಲಿ ಸಾಗುವುದರಿಂದ ಯಾವ ಪೋರ್ಟ್ ತೆರೆಯಬೇಕೆಂದು ಫೈರ್‌ವಾಲ್‌ಗೆ ಓದಲಾಗುವುದಿಲ್ಲ. ಆಗ ಸರ್ವರ್ ಬಳಸುವ ಪ್ಯಾಸಿವ್ ಪೋರ್ಟ್‌ಗಳ ವ್ಯಾಪ್ತಿಯನ್ನು ಕೇಳಿ ತಿಳಿದು ತೆರೆಸಬೇಕಾಗುತ್ತದೆ.

ಲಾಗಿನ್ ಆಗಿಲ್ಲವೆಂಬ ಉತ್ತರ 530 ಬಂದರೆ ಎಡಿಟರ್‌ನ ಕ್ಯಾಪ್ಸ್ ಆನ್ ಸೆಟ್ಟಿಂಗ್ ಜಾಬ್‌ನಲ್ಲಿ ಬರೆದ ಪಾಸ್‌ವರ್ಡನ್ನು ದೊಡ್ಡಕ್ಷರಕ್ಕೆ ಬದಲಿಸಿದೆಯೇ ಎಂದು ನೋಡಿ.

ಇಷ್ಟಾದರೂ ಬಗೆಹರಿಯದಿದ್ದರೆ ಡೀಬಗ್ (ವಿವರವಾದ ಲಾಗ್ ಕೊಡುವ ಆಯ್ಕೆ) ಹಾಕಿ ಮತ್ತೆ ಓಡಿಸಿ, ವಿಫಲವಾದ ಸಮಯ, ಎರಡೂ ತುದಿಯ ಐಪಿ ವಿಳಾಸ ಮತ್ತು ಪೋರ್ಟ್ ಸಂಖ್ಯೆಗಳನ್ನು ನೆಟ್‌ವರ್ಕ್ ತಂಡಕ್ಕೆ ಕೊಡಿ. ಫೈರ್‌ವಾಲ್ ಲಾಗ್‌ನಲ್ಲಿ ಆ ಸಂಪರ್ಕವನ್ನು ಹುಡುಕಲು ಅವರಿಗೆ ಬೇಕಾಗುವುದು ಇದೇ ವಿವರ.